ಗರೀಬಖಾನೆಯ ಅತಿಥಿ

ಕಳೆದ ವಾರ ಒಂದು ಗೃಹಪ್ರವೇಶದ ಕರೆಯೋಲೆ ಬಂತು. ದಪ್ಪ ಕಾಗದ, ಅಂಚಿಗೆ ಬಂಗಾರದ ಬಣ್ಣ. ಒಳಗೆ ‘ನಮ್ಮ ಬಡ ಗುಡಿಸಲಿಗೆ ಪಾದ ಬೆಳೆಸಬೇಕು’ ಎಂದು ಅಚ್ಚು ಹಾಕಿಸಿದ್ದರು. ಹೋಗಿ ನೋಡಿದರೆ ಗುಡಿಸಲಿಗೆ ಮೂರು ಅಂತಸ್ತು. ಮೇಲಿನ ಅಂತಸ್ತಿನಲ್ಲಿ ಊಟ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗ, ಈ ವಯಸ್ಸಿನಲ್ಲಿ ಬಡ ಗುಡಿಸಲು ಹತ್ತುವುದು ನನ್ನಿಂದಾಗದು ಎಂದು ಮಗಳಿಗೆ ಹೇಳಿದೆ. ಅವಳು ನಕ್ಕಳು, ನಾನೂ ನಕ್ಕೆ. ನಗುತ್ತಲೇ ನನಗೆ ಬೀದರಿನ ಒಂದು ಮನೆ ನೆನಪಾಯಿತು. ಅಲ್ಲಿಗೆ ನಾನು ಹೋದದ್ದೂ ಇಂಥದೇ ಒಂದು ಮಾತನ್ನು ತಪ್ಪಾಗಿ ತಿಳಿದುಕೊಂಡು.

ನಾನು ಧಾರವಾಡದವನು. ನನ್ನ ಸೋದರಮಾವ ಹೈದರಾಬಾದಿನಲ್ಲಿ ಒಂದು ಅರಿವೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಇಲ್ಲಿಗೆ ಬಂದರೆ ಹುಡುಗನಿಗೆ ಫೀ ಮಾಫಿ ಆಗುತ್ತದೆ, ಊಟ ನನ್ನ ಮನೆಯಲ್ಲಿ ಎಂದು ಅವನು ಕಾಗದ ಬರೆದ. ಹಾಗೆ ನಾನು ಪರದೇಶಿಯಾದೆ. ನಗಬೇಡಿ. ಆಗ ನಿಜಾಮರ ಸೀಮೆ ನಮಗೆ ಪರದೇಶವೇ. ನಾಣ್ಯ ಬೇರೆ, ಟಪಾಲಿನ ಟಿಕೇಟು ಬೇರೆ, ಗಡಿಯಲ್ಲಿ ಗಂಟು ಬಿಚ್ಚಿಸಿ ನೋಡುವ ಸುಂಕದವರು ಬೇರೆ. ಅವ್ವ ಕಟ್ಟಿಕೊಟ್ಟ ಖಾರದ ಚಟ್ನಿಯ ಗಂಟನ್ನು ಸುಂಕದವನೊಬ್ಬ ಮೂಸಿ ನೋಡಿ, ನಾಲ್ಕು ಸಲ ಸೀನಿ, ಕೈಯಿಂದಲೇ ‘ಹೋಗು’ ಎಂದ. ಅವ್ವ ಊರಲ್ಲಿ ಎಂಟು ದಿನ ಅತ್ತಳಂತೆ, ಮಗ ಸಮುದ್ರ ದಾಟಿದನೆಂಬಂತೆ.

ಕಾಲೇಜಿನಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮಾವ ನನ್ನನ್ನು ಒಂದು ವರ್ಷ ಒಬ್ಬ ಮೌಲ್ವಿಯವರ ಹತ್ತಿರ ಕೂಡಿಸಿ ಅಕ್ಷರ ಕಲಿಸಿದ್ದ. ಅಕ್ಷರ ಬಂತು, ಆದರೆ ಆ ಊರಿನ ಮರ್ಯಾದೆ ಬರಲಿಲ್ಲ. ಹೈದರಾಬಾದಿನ ಮರ್ಯಾದೆಯಲ್ಲಿ ಎದುರಿನವನ ಮನೆ ಯಾವಾಗಲೂ ದೌಲತಖಾನೆ, ಅಂದರೆ ಸಿರಿಯ ಮನೆ. ತನ್ನ ಮನೆ ಯಾವಾಗಲೂ ಗರೀಬಖಾನೆ, ಬಡವನ ಮನೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಒಬ್ಬ ಸಹಪಾಠಿ ಎದೆಯ ಮೇಲೆ ಕೈಯಿಟ್ಟು, “ತಮ್ಮ ದೌಲತಖಾನೆ ಎಲ್ಲಿ?” ಎಂದು ಕೇಳಿದ. ದೌಲತಖಾನೆ ಎಂದರೆ ಉರ್ದುವಿನಲ್ಲಿ ಮನೆ ಎಂದುಕೊಂಡು ನಾನು ಗಟ್ಟಿಯಾಗಿ, “ನನ್ನ ದೌಲತಖಾನೆ ಧಾರವಾಡದಲ್ಲಿದೆ” ಎಂದೆ. ಇಡೀ ಕೋಣೆ ನಕ್ಕಿತು.

ನಗದೆ ಉಳಿದವನು ಒಬ್ಬನೇ. ಮೂಲೆಯ ಬಾಕಿನ ಮೇಲೆ ಕೂತಿದ್ದ, ಎತ್ತರದ, ಕಪ್ಪು ಮೈಯ ಹುಡುಗ. ಹೆಸರು ಮಾಳಪ್ಪ. ನಾನು ಹೇಳಿದ್ದನ್ನು ಅವನು ನಿಜವೆಂದೇ ನಂಬಿದ್ದ.

ಮಾಳಪ್ಪನಿಗೆ ಉರ್ದು ನೀರು ಕುಡಿದಷ್ಟು ಸಲೀಸು. ನನಗೆ ಕನ್ನಡ ಮಾತಾಡುವವನು ಸಿಕ್ಕಿದ್ದೇ ಹಬ್ಬವಾಯಿತು. ಅವನ ಕನ್ನಡ ನನ್ನ ಧಾರವಾಡದ ಕಿವಿಗೆ ಮೊದಮೊದಲು ಒರಟು ಎನಿಸಿತು. ಅವನಿಗೆ ನನ್ನ ಕನ್ನಡ ರಾಗ ಎಳೆದಂತೆ ಕೇಳಿಸುತ್ತಿತ್ತಂತೆ. ದಿನಾ ಸಂಜೆ ಮೂಸಿ ನದಿಯ ದಂಡೆಗೆ ಕೂತು ಅವನು ನನಗೆ ಅಂದಂದಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ನಾನು ಆ ವರ್ಷ ಪಾಸಾದದ್ದು ಅವನಿಂದ. ಆದರೂ ನಾವು ಒಬ್ಬರಿಗೊಬ್ಬರು ‘ನೀವು’ ಎಂದೇ ಅನ್ನುತ್ತಿದ್ದೆವು. ಆ ಊರಿನ ಗಾಳಿಯೇ ಹಾಗೆ.

ಒಂದು ಸಂಜೆ ಅವನು, “ನಿಮ್ಮ ತಂದಿಯವರು ಏನ್ ಮಾಡ್ತಾರ್ರಿ?” ಎಂದು ಕೇಳಿದ.

“ನಮ್ಮಪ್ಪ ದಿನಾ ಇನ್ನೂರು ಮಂದಿಗೆ ಊಟ ಹಾಕ್ತಾರ್ರಿ” ಎಂದೆ.

ಇದು ಸುಳ್ಳಲ್ಲ. ನನ್ನ ಅಪ್ಪ ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳಿಗೆ ಊಟ ಹಾಕುವ ಒಂದು ಉಚಿತ ಪ್ರಸಾದ ನಿಲಯದಲ್ಲಿ ಅಡಿಗೆಯವನು. ಆದರೆ ಆ ಮಾತು ಕೇಳುವವನ ಕಿವಿಯಲ್ಲಿ ಹೇಗೆ ಬೀಳುತ್ತದೆ ಎಂಬುದು ಹೇಳುವಾಗಲೇ ನನಗೆ ಗೊತ್ತಿತ್ತು. ಮಾಳಪ್ಪನ ಕಣ್ಣು ಅರಳಿದವು. “ಪುಣ್ಯವಂತರು” ಎಂದ. ನಾನು ನದಿಯ ಕಡೆ ಮುಖ ತಿರುಗಿಸಿದೆ. ದೌಲತಖಾನೆಯದು ಅರಿಯದೆ ಆದ ತಪ್ಪು. ಇದು ಅರಿತು ಮಾಡಿದ್ದು.

ಅವನ ಮನೆಯ ಬಗ್ಗೆ ಕೇಳಿದಾಗ ಅವನು, “ನಮ್ಮ ಗರೀಬಖಾನೆ ಬೀದರದಾಗ ಅದಾರಿ. ಅತ್ತಿ ಮನಿ. ಅಪ್ಪ ಅವ್ವ ಔರಾದದವರು. ಅಪ್ಪ ವರ್ಷದಾಗ ಎಂಟು ತಿಂಗಳು ದೌರಾದ ಮ್ಯಾಗೇ ಇರ್ತಾನ” ಎಂದು ನಕ್ಕ. ಅಷ್ಟರಲ್ಲಿ ನಾನು ಸ್ವಲ್ಪ ಜಾಣನಾಗಿದ್ದೆ. ಕುದುರೆ ಬಗ್ಗಿಯಲ್ಲಿ ಬರುವ ಜಾಗೀರುದಾರರ ಮಕ್ಕಳೂ ತಮ್ಮ ಮನೆಯನ್ನು ಗರೀಬಖಾನೆ ಎನ್ನುವುದನ್ನು ಕೇಳಿದ್ದೆ. ದೊಡ್ಡವನಾದಷ್ಟೂ ಬಾಯಲ್ಲಿ ಬಡತನ ಹೆಚ್ಚು ಎಂದು ಲೆಕ್ಕ ಹಾಕಿ ನಾನೂ ನಕ್ಕೆ. ದೌರಾ ಎಂದರೆ ಅಧಿಕಾರಿಗಳು ಹಳ್ಳಿಹಳ್ಳಿ ಸುತ್ತುವ ಪ್ರವಾಸ. ಹಾಗಾದರೆ ಮಾಳಪ್ಪನ ತಂದೆ ತಾಲೂಕಿನ ದೊಡ್ಡ ಹುದ್ದೆದಾರನೇ ಇರಬೇಕು, ಬೀದರಿನಲ್ಲಿ ವಾಡೆಯಂಥ ದೊಡ್ಡ ಮನೆ ಇರಬೇಕು, ಬಾಗಿಲಲ್ಲಿ ಕುದುರೆ ಇರಬೇಕು. ನಾನು ಮನಸ್ಸಿನಲ್ಲೇ ಕುದುರೆಗೆ ಬಣ್ಣವನ್ನೂ ಹಚ್ಚಿದೆ. ಬಿಳಿ.

ದಸರೆಯ ರಜೆ ಬಂತು. ಧಾರವಾಡಕ್ಕೆ ಹೋಗಿಬರುವಷ್ಟು ಅನುಕೂಲವಿರಲಿಲ್ಲ. ಮಾಳಪ್ಪ ಊರಿಗೆ ಹೊರಡುವಾಗ ಬಾಯಿಮಾತಿಗೆ, “ಒಮ್ಮಿ ನಮ್ಮ ಬೀದರಕ್ಕ ಬರ್ರಿ” ಎಂದಿದ್ದ. ಆ ಊರಿನಲ್ಲಿ ಇಂಥ ಆಮಂತ್ರಣ ದಿನಕ್ಕೆ ಹತ್ತು ಸಿಗುತ್ತವೆ, ಯಾರೂ ಹೋಗುವುದಿಲ್ಲ. ನಾನು ಒಂದು ಕಾರ್ಡು ಬರೆದು ಹಾಕಿ, ಮಾವನ ಕೋಟು ತೊಟ್ಟು ಹೊರಟುಬಿಟ್ಟೆ.

ಆಗಿನ್ನೂ ಬೀದರಿಗೆ ರೈಲು ಬಂದಿರಲಿಲ್ಲ. ಮೋಟಾರಿನಲ್ಲಿ ಕುಲುಕಿ ಕುಲುಕಿ, ಊರು ಮುಟ್ಟುವ ಹೊತ್ತಿಗೆ ನನ್ನ ಕೋಟು, ಮೀಸೆ, ಕಿವಿ ಎಲ್ಲವೂ ಅಲ್ಲಿಯ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಎಷ್ಟು ಕೆಂಪು ಮಣ್ಣು! ಗೋಡೆ, ಬುರುಜು, ಬಾವಿಯ ಕಲ್ಲು, ಎಲ್ಲವೂ ಇಟ್ಟಿಗೆಯ ಪುಡಿ ಎರಚಿದಂತೆ. ಮಾಳಪ್ಪ ಮೋಟಾರು ನಿಲ್ಲುವಲ್ಲೇ ಕಾದಿದ್ದ. “ಬರ್ರಿ ಬರ್ರಿ. ರಸ್ತಾದಾಗ ತ್ರಾಸ ಆಗಿಲ್ಲಲ್ರಿ?” ಎಂದು ನನ್ನ ಗಂಟು ಇಸಿದುಕೊಂಡ. ಮುಖದಲ್ಲಿ ಸಂತೋಷವಿತ್ತು, ಅದರ ಹಿಂದೆ ಏನೋ ಅಳುಕೂ ಇತ್ತು. ಊರ ನಡುವೆ ನಿಂತ ದುಂಡನೆಯ ಚೌಬಾರಾ ಗೋಪುರ ದಾಟಿ, ಒಂದು ಓಣಿ, ಅದರೊಳಗೊಂದು ಓಣಿ ಹೊಕ್ಕೆವು. ನಾನು ವಾಡೆಯ ದೊಡ್ಡ ಬಾಗಿಲಿಗಾಗಿ ಕತ್ತೆತ್ತಿ ನೋಡುತ್ತಿದ್ದೆ. ಮಾಳಪ್ಪ ತಲೆ ಬಗ್ಗಿಸಿ ಒಂದು ಸಣ್ಣ ಬಾಗಿಲು ಹೊಕ್ಕ. ನಾನು ತಲೆಯೆತ್ತಿಕೊಂಡೇ ಹೊಕ್ಕು ಹಣೆ ಬಡಿಸಿಕೊಂಡೆ.

ಒಂದು ಕೋಣೆ, ಅದರ ಮುಂದೆ ಅರ್ಧ ಪಡಸಾಲೆ. ಗೋಡೆಗೆ ಒರಗಿಸಿದ ಉಣ್ಣೆಯ ಚೀಲಗಳು. ಆದರೆ ಆ ಅರ್ಧ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಒಂದು ಕೆತ್ತನೆಯ ಪಲ್ಲಂಗ, ನೆಲಕ್ಕೆ ಹೂಬಳ್ಳಿಯ ಜಮಖಾನೆ, ಗಾಜು ಫಳಫಳ ಹೊಳೆಯುವ ಕಂದೀಲು, ಮತ್ತು ಕೈಯಿರುವ ಒಂದು ಖುರ್ಚಿ.

ಮಾಳಪ್ಪನ ಅತ್ತೆ ಭಾಗಮ್ಮ ಸೆರಗು ಸರಿ ಮಾಡಿಕೊಳ್ಳುತ್ತ ಬಂದರು. ಸಣ್ಣ ದೇಹ. ಗಂಡ ತೀರಿದ ಮೇಲೆ ಉಣ್ಣೆ ನೂತು, ಕಂಬಳಿ ಮಾರಿ, ಅಣ್ಣನ ಮಗನನ್ನು ಸಾಲೆ ಓದಿಸಿದವರು ಅವರೇ. ನಾನು ಜಮಖಾನೆಯ ಮೇಲೆ ಕೂಡಲು ಹೋದೆ.

“ಅಯ್ಯ, ಕೆಳಗ ಯಾಕ ಕೂಡ್ತೀರಿ ಸಾಹೇಬ್ರೆ? ಖುರ್ಚಿ ಮ್ಯಾಗ ಕೂಡ್ರಿ. ನಿಮ್ಮ ಮನ್ಯಾಗ ಎಂಥಾ ಎಂಥಾ ಖುರ್ಚಿ ಇರ್ತಾವೋ ಏನೋ!”

ನಮ್ಮ ಮನೆಯಲ್ಲಿ ಇದ್ದದ್ದು ಎರಡು ಮಣೆ. ಖುರ್ಚಿಯ ಮೇಲೆ ಕೂತೆ.

ಊಟ ಬಂತು. ಬಟ್ಟೆ ಮುಚ್ಚಿದ ತಾಟಿನಲ್ಲಿ, ಹೊರಗಿನಿಂದ. ಹೋಳಿಗೆ, ಅದರ ಮೇಲೆ ತುಪ್ಪ. ಪಕ್ಕದ ಲಿಂಗವಂತರ ಮನೆಯಲ್ಲಿ ಮಾಡಿಸಿದ್ದರೆಂದು ಆಮೇಲೆ ತಿಳಿಯಿತು. ಕುರುಬರ ಒಲೆಯ ಮೇಲಿನದನ್ನು ದೊಡ್ಡ ಮನೆಯ ಹುಡುಗ ಉಣ್ಣುತ್ತಾನೋ ಇಲ್ಲವೋ ಎಂದು ಅವರಿಗೆ ಅಂಜಿಕೆ.

ಎರಡು ದಿನ ಹೀಗೇ ನಡೆಯಿತು. ಮಾಳಪ್ಪ ಕೋಟೆ ತೋರಿಸಿದ, ಬಿದರಿ ಕೆಲಸದವರ ಸಾಲಿನಲ್ಲಿ ನಿಲ್ಲಿಸಿ ಅವರ ಉಳಿಯ ಟಕಟಕ ಕೇಳಿಸಿದ. ಮನೆಗೆ ಬಂದರೆ ಮತ್ತೆ ನಾನು ಖುರ್ಚಿಯ ಮೇಲೆ. ದಿನಾ ಬೆಳಿಗ್ಗೆ ಓಣಿಯ ಒಬ್ಬ ಮುದಿ ಮುನ್ಶಿ ಸಾಹೇಬರು ಬಂದು, “ಸಬ್ ಖೈರಿಯತ್ ಅದಾ ಏನ್ರಿ?” ಎಂದು ಕ್ಷೇಮ ಕೇಳಿ, ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಎಷ್ಟು ಹೊತ್ತಾದರೂ ಹೋಗುತ್ತಿರಲಿಲ್ಲ. ಎರಡನೆಯ ದಿನ ನಾನು ಎದ್ದು, ಕೂಡ್ರಿ ಎಂದೆ. ಅವರು ಬೇಡ ಬೇಡ ಎನ್ನುತ್ತಲೇ ಕೂತರು. ಕೂತದ್ದನ್ನು ನೋಡಬೇಕಿತ್ತು! ಬೆನ್ನು ಖುರ್ಚಿಯ ಕುಳಿಯಲ್ಲಿ ಹೋಗಿ ಸೇರಿಕೊಂಡಿತು. ಎಡಗೈ ಹಿಡಿಯ ಸವೆದ ಜಾಗವನ್ನು ನೋಡದೆಯೇ ಹುಡುಕಿಕೊಂಡಿತು. ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟರು. ಆಗ ನನಗೆ ತಿಳಿಯಿತು, ಖುರ್ಚಿ ಅವರದು. ಪಲ್ಲಂಗ ಇನ್ನಾರದೋ, ಕಂದೀಲು ಮತ್ತಾರದೋ. ಇಡೀ ಓಣಿ ನನಗಾಗಿ ನೆಲದ ಮೇಲೆ ಕೂತಿತ್ತು. ಮಾಳಪ್ಪ ಗರೀಬಖಾನೆ ಎಂದದ್ದು ಮರ್ಯಾದೆಯ ಮಾತಾಗಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದ. ಸುಳ್ಳು ನನ್ನದೊಂದೇ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ ಮಾಳಪ್ಪ ನೀರಿಗೆ ಹೋಗಿದ್ದ. ಭಾಗಮ್ಮ ನೂಲುವುದನ್ನು ನಿಲ್ಲಿಸಿ ಹತ್ತಿರ ಬಂದರು.

“ಸಾಹೇಬ್ರೆ, ಒಂದ್ ಮಾತು ಅದಾರಿ. ನಾ ಕೇಳಿದೆ ಅಂತ ಮಾಳಪ್ಪಗ ಹೇಳಬ್ಯಾಡ್ರಿ. ನಮ್ಮ ಅಣ್ಣ, ಇವನ ಅಪ್ಪ, ಇನ್ನ ಕಾಲೇಜಿಗಿ ಕಳಸಂಗಿಲ್ಲ ಅಂತ ಹಟ ಹಿಡದಾನ. ಕಾಲೇಜು ಅಂದ್ರ ಸಾಹೇಬ್ರ ಮಕ್ಕಳಿಗಿ, ನಮ್ಮ ಹುಡುಗ ಅಲ್ಲಿ ಕೂತ್ರ ಕುರಿ ಬಿ ಕಳ್ಕೋತಾನ, ಸಾಲಿ ಬಿ ಕಳ್ಕೋತಾನ ಅಂತಾನ. ಅಂವ ಈಗ ಭಾಲ್ಕಿ ಕಡಿ ಕುರಿ ತಗೊಂಡು ಹೋಗ್ಯಾನ. ನೀವು ಒಮ್ಮಿ ಅಲ್ಲಿಗಿ ಹೋಗ್ರಿ. ನಿಮ್ಮ ತಂದಿಯವರು ಮುಂದ ಇವನಿಗಿ ಒಂದ್ ನೌಕರಿ ಕೊಡಸ್ತಾರ ಅಂತ ಹೇಳ್ರಿ. ದೊಡ್ಡವರ ಮಾತು ಅಂವ ತೆಗದು ಹಾಕಂಗಿಲ್ಲ.”

ದೌರಾ ಎಂದರೆ ಇದು. ಎಂಟು ತಿಂಗಳು ಕುರಿಯ ಹಿಂದೆ.

ನಾನು, “ಆಯ್ತ್ರಿ” ಎಂದೆ. ಯಾಕೆ ಹಾಗೆಂದೆ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಎರಡು ದಿನ ತಿಂದ ಹೋಳಿಗೆಯ ತುಪ್ಪ ನಾಲಿಗೆಯ ಮೇಲೆ ಹಾಗೇ ಇತ್ತು. ಆ ನಾಲಿಗೆಯಿಂದ ‘ನಾನು ಅಡಿಗೆಯವನ ಮಗ’ ಎಂಬ ಮಾತು ಜಾರಿ ಹೊರಗೆ ಬರಬಹುದಿತ್ತು. ಒಳಗೇ ಜಾರಿತು.

ನಿಮ್ಮ ತಂದೆಯವರನ್ನೂ ನೋಡಿ ಹೋಗುತ್ತೇನೆ ಎಂದು ಮಾಳಪ್ಪನಿಗೆ ಹೇಳಿದೆ. ಮರುದಿನ ನಸುಕಿನಲ್ಲೇ ಭಾಲ್ಕಿಯ ಕಡೆ ಹೊರಟ ಒಬ್ಬರ ಚಕ್ಕಡಿಯಲ್ಲಿ ನಾವಿಬ್ಬರೂ ಕೂತೆವು. ಬೀದರಿನ ದಿಣ್ಣೆ ಇಳಿದರೆ ಕೆಂಪು ಮುಗಿದು ಕಪ್ಪು ನೆಲ ಸುರು. ತೊಗರಿ ಹಳದಿಯಾಗಿ ಹೂಬಿಟ್ಟಿತ್ತು. ಹಲಬರ್ಗಾದ ಬಾವಿಯ ಹತ್ತಿರ ಎತ್ತು ಬಿಚ್ಚಿದಾಗ ಮಾಳಪ್ಪ, ಕೈಯಲ್ಲೊಂದು ಹುಲ್ಲುಕಡ್ಡಿ ತಿರುವುತ್ತ, “ನಮ್ಮ ಮನಿ ನೋಡಿ ನಿಮಗ ಬ್ಯಾಸರ ಆಯ್ತೇನ್ರಿ?” ಎಂದ.

“ಇಲ್ರಿ, ಇಲ್ಲ.”

“ನಾ ನಿಮಗ ಮೊದಲೇ ಹೇಳಿದ್ದೆ. ನೀವು ನಗ್ತಿದ್ರಿ.”

ನಿಜ ಹೇಳಲು ಅವನೇ ಬಾಗಿಲು ತೆರೆದು ಹಿಡಿದಂತಿತ್ತು. ನಾನು ಅಲ್ಲಿಯೂ ಹೊಗಲಿಲ್ಲ. ಬಾವಿಯ ನೀರು ಸಿಹಿಯಾಗಿದೆ ಎಂದು ಏನೋ ಹೇಳಿದೆ.

ಹಲಬರ್ಗಾ ದಾಟಿ ಸ್ವಲ್ಪ ದೂರದಲ್ಲೇ, ಒಬ್ಬ ರೈತನ ಪಾಳು ಹೊಲದಲ್ಲಿ, ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಮಾಳಪ್ಪನ ತಂದೆ ಧೂಳಪ್ಪ ಒಂದು ಕುಂಟು ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದರು. ನಮ್ಮನ್ನು ಕಂಡು ಎದ್ದರು. ನೆರೆತ ಮೀಸೆ, ಹೆಗಲ ಮೇಲೆ ಕಂಬಳಿ. ಮಗ ನನ್ನನ್ನು ತೋರಿಸಿ, “ಧಾರವಾಡದ ಸಾಹೇಬ್ರು, ನನ್ನ ದೋಸ್ತ” ಎಂದ.

ಧೂಳಪ್ಪ ಕಂಬಳಿಯನ್ನು ಹೆಗಲಿನಿಂದ ತೆಗೆದು, ಎರಡು ಸಲ ಕೊಡವಿ, ಮುಳ್ಳಿಲ್ಲದ ಜಾಗ ನೋಡಿ ಹಾಸಿದರು. “ಹಿಂಗ ಕೂಡ್ರಿ ಸಾಹೇಬ್ರೆ. ಇಲ್ಲಿ ಮತ್ತೇನ್ ಅದಾ ಹಾಸ್ಲಕ್ಕ” ಎಂದರು. ನಾನು ಕೂತೆ. ಅವರು ಕೂಡಲಿಲ್ಲ. ನನ್ನ ಮುಂದೆ ಎರಡು ಮಾರು ದೂರದಲ್ಲಿ, ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿಕೊಂಡು, ತುಸು ಬಾಗಿ ನಿಂತರು.

ಆ ನಿಲುವು ನನಗೆ ಗೊತ್ತಿತ್ತು. ಪ್ರಸಾದ ನಿಲಯಕ್ಕೆ ದಾನ ಕೊಡುವ ದೊಡ್ಡವರು ಪಂಕ್ತಿಗೆ ಕೂತ ದಿನ ನನ್ನ ಅಪ್ಪ ಬೆವರು ಒರೆಸಿಕೊಂಡು ಸಾಲಿನ ತುದಿಯಲ್ಲಿ ಹೀಗೇ ನಿಲ್ಲುತ್ತಿದ್ದ. ಕೈ ಹೀಗೇ. ಬೆನ್ನು ಹೀಗೇ. ನಾನು ಬಾಗಿಲ ಸಂದಿಯಿಂದ ನೋಡಿ, ಆ ಕೂತವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಈಗ ಕೂತವನು ನಾನು.

ಕಂಬಳಿಯ ಮೇಲಿನಿಂದ ಎದ್ದುಬಿಟ್ಟೆ. “ಕಾಕಾ, ಮೊದಲ ನೀವು ಕೂಡ್ರಿ” ಎಂದೆ. “ನಾ ಸಾಹೇಬ ಅಲ್ರಿ. ನಮ್ಮಪ್ಪ ಪ್ರಸಾದ ನಿಲಯದಾಗ ಅಡಿಗಿ ಮಾಡ್ತಾನ್ರಿ. ದಿನಾ ಇನ್ನೂರು ಮಂದಿಗೆ ಹಾಕೂದು ಖರೆ. ಆದ್ರ ಅನ್ನ ಅವಂದಲ್ಲ, ಕೈ ಅಷ್ಟ ಅವಂದು. ಅವನಿಂದ ಯಾರಿಗೂ ನೌಕರಿ ಕೊಡಸ್ಲಿಕ್ಕೆ ಆಗೂದಿಲ್ಲ. ಕೊಡಸ್ತಾನ ಅಂತ ನಿಮಗ ಹೇಳಾಕ ಬಂದಿದ್ದೆ.”

ಮಾಳಪ್ಪನ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಧೂಳಪ್ಪ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಸಂತೆಯಲ್ಲಿ ಟಗರು ನೋಡುವಂತೆ. ಆಮೇಲೆ ನಿಧಾನವಾಗಿ ಕಂಬಳಿಯ ಒಂದು ಅಂಚಿಗೆ ಕೂತು, ಇನ್ನೊಂದು ಅಂಚನ್ನು ಕೈಯಿಂದ ತಟ್ಟಿದರು. ನಾನೂ ಕೂತೆ.

“ಅಡಗಿ ಮಾಡವ್ರ ಮಗ?”

“ಹೌದ್ರಿ.”

“ಇವನ ಜೋಡಿನೇ ಓದ್ತೀ?”

“ಹೌದ್ರಿ.”

“ಆ ನವಾಬರ ಮಕ್ಕಳು ನಿಂಗ ಮಾತಾಡಸ್ತಾರ?”

“ಮೊದಲ ನಕ್ಕರು. ಈಗ ಮಾತಾಡಸ್ತಾರ್ರಿ. ಪರೀಕ್ಷಾ ಹತ್ರ ಬಂದಾಗ ಭಾಳ ಮಾತಾಡಸ್ತಾರ, ಮಾಳಪ್ಪನ ವಹಿ ಬೇಕಲ್ರಿ.”

ಧೂಳಪ್ಪ ಮಗನ ಕಡೆ ತಿರುಗಿದರು. ಅವನು ಪಾಠ ಬರೆದಿಟ್ಟ ವಹಿಯನ್ನು ನವಾಬರ ಮಕ್ಕಳು ಕೇಳಿ ಪಡೆಯುತ್ತಾರೆಂಬುದು ಅವರಿಗೆ ಹೊಸ ಸುದ್ದಿ. ಮಾಳಪ್ಪ ಯಾವತ್ತೂ ಹೇಳಿರಲಿಲ್ಲ. ಅವರು ಎದ್ದು ಹೋಗಿ ಕುಂಟು ಕುರಿಯನ್ನು ಮತ್ತೆ ತೊಡೆಯ ಮೇಲೆಳೆದುಕೊಂಡರು. ಮುಳ್ಳು ಕಿತ್ತು, ಅದನ್ನು ಬಿಸಿಲಿಗೆ ಹಿಡಿದು ನೋಡಿ, ಬಿಸಾಕಿದರು.

“ನೌಕರಿ ಕೊಡಸ್ತೇನಿ ಅಂತ ಸಾಹೇಬ ಬಂದಿದ್ರ ನಾ ಕಳಸ್ತಿದ್ದಿಲ್ಲ” ಎಂದರು, ಕುರಿಗೆ ಹೇಳುವಂತೆ. “ಮಾತು ಕೊಟ್ಟ ಸಾಹೇಬ್ರನ್ನ ಭಾಳ ಮಂದಿ ನೋಡೇನಿ. ಅಡಗಿ ಮಾಡವ್ರ ಮಗ ಅಲ್ಲಿ ಕೂತು ಓದ್ತಾನಂದ್ರ, ಕುರಿ ಕಾಯವ್ರ ಮಗ ಯಾಕ ಕೂಡಬಾರ್ದು? ಹೋಗ್ಲಿ. ಓದ್ಲಿ.”

ಅಷ್ಟೇ. ನಾನು ಮೂರು ದಿನ ಹೊತ್ತು ತಿರುಗಿದ ಮಾತು ಅರ್ಧ ಗಳಿಗೆಯಲ್ಲಿ ಮುಗಿಯಿತು.

ಮುಗಿಯದೆ ಉಳಿದದ್ದು ಮಾಳಪ್ಪ. ತಿರುಗಿ ಬರುವಾಗ, ಬೀದರಕ್ಕೆ ಹೊರಟ ಇನ್ನೊಬ್ಬರ ಚಕ್ಕಡಿಯ ಹಿಂಬದಿಗೆ ಕಾಲು ಇಳಿಬಿಟ್ಟು, ನನಗೆ ಬೆನ್ನು ತಿರುಗಿಸಿ ಕೂತ. ಗಾಲಿಯ ಕಿರಕಿರ ಕೇಳುತ್ತ ಹಲಬರ್ಗಾದವರೆಗೂ ಬಂದೆವು. ಒಳ್ಳೆಯ ಗೆಳೆಯನೊಬ್ಬನನ್ನು ಕಳೆದುಕೊಂಡೆ, ಅದೂ ನಿಜ ಹೇಳಿ, ಎಂದು ನನಗೆ ಅಳು ಬರುವಂತಿತ್ತು. ಬಾವಿ ದಾಟಿದ ಮೇಲೆ ಅವನು ತಿರುಗದೆಯೇ ಕೇಳಿದ:

“ದಿನಾ ಇನ್ನೂರು ಮಂದಿಗೆ?”

“ಹೂಂ.”

“ರೊಟ್ಟಿ ಬಿ ನಿಮ್ಮಪ್ಪನೇ ಬಡೀತಾನೇನು?”

“ಇಲ್ಲ. ರೊಟ್ಟಿ ಅವ್ವ ಬಡೀತಾಳ.”

“ನಿಂಗ ಬರ್ತಾವ?”

“ನನ್ನವು ನಿಜಾಮರ ಸೀಮಿ ನಕಾಶೆ ಆಗ್ತಾವ. ಒಂದ್ ಕಡಿ ಉದ್ದ, ಒಂದ್ ಕಡಿ ಮೊಂಡ.”

ಅವನ ಬೆನ್ನು ಅಲುಗಿತು. ಅಳುತ್ತಿದ್ದಾನೆಂದು ಹೆದರಿದೆ. ನಗುತ್ತಿದ್ದ. “ಹುಚ್ಚಾ, ಮೊದಲೇ ಹೇಳಬಾರ್ದೇನು? ನನ್ನ ಅತ್ತಿ ಆ ಪಲ್ಲಂಗ ತರ್ಲಾಕ ನಾಕ್ ಮನಿ ತಿರಗ್ಯಾಳ!” ಎಂದ. ‘ನೀವು’ ಹೋಗಿ ‘ನೀ’ ಬಂದದ್ದನ್ನು ನಾವಿಬ್ಬರೂ ಗಮನಿಸಿದೆವು, ಇಬ್ಬರೂ ಆ ಬಗ್ಗೆ ಏನೂ ಅನ್ನಲಿಲ್ಲ.

ಮಾಳಪ್ಪ ಓದು ಮುಗಿಸಿದ. ಯಾವ ಸಾಹೇಬನ ಮಾತೂ ಇಲ್ಲದೆ ಔರಾದಿನ ಸಾಲೆಗೆ ಮಾಸ್ತರನಾದ, ಅಲ್ಲೇ ಮುದುಕನಾದ. ಕುರುಬರ ಹಟ್ಟಿಗೆ ಹೋಗಿ ಹುಡುಗರನ್ನು ಸಾಲೆಗೆ ಎಳೆದು ತರುವಾಗ ಅಪ್ಪಂದಿರು ಹಟ ಮಾಡಿದರೆ, “ಧಾರವಾಡದ ಅಡಗ್ಯಾಂವನ ಮಗ ನನ್ನ ಜೋಡಿ ಓದ್ಯಾನ, ಗೊತ್ತದಾ?” ಎಂದು ನನ್ನ ಕತೆ ಹೇಳುತ್ತಿದ್ದನಂತೆ. ನನ್ನಿಂದ ಜಗತ್ತಿಗೆ ಆದ ಉಪಕಾರ ಇದೊಂದೇ ಇದ್ದೀತು, ಅದೂ ನಾನು ಮಾಡಿದ್ದಲ್ಲ.

ಆದರೆ ಆ ದಿನದ ಮಾತು ಇನ್ನೂ ಸ್ವಲ್ಪ ಉಳಿದಿದೆ. ಕತ್ತಲಾಗುವ ಹೊತ್ತಿಗೆ ಬೀದರ ಮುಟ್ಟಿದೆವು. ಮಾಳಪ್ಪ ಬಾಗಿಲಲ್ಲೇ ನಿಂತು ಅತ್ತೆಗೆ ಎಲ್ಲವನ್ನೂ ಹೇಳಿದ. ಅಪ್ಪ ಒಪ್ಪಿದ್ದನ್ನು ಮೊದಲು ಹೇಳಿ, ನನ್ನ ಕತೆಯನ್ನು ಆಮೇಲೆ ಹೇಳಿದ್ದು ಅವನ ಜಾಣತನ. ಭಾಗಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು.

“ಮೂರ್ ದಿನ ಸಾಹೇಬ್ರೆ ಸಾಹೇಬ್ರೆ ಅಂತ ನನ್ನ ಬಾಯಿ ಒಣಗ್ಯಾದ. ನಡಿ. ಅಡಗ್ಯಾಂವನ ಮಗ ಇದ್ದಿ, ಏನ್ ಬರ್ತದ ನೋಡಾಮು. ಒಲಿ ಅಲ್ಲಿ ಅದಾ.” ಅಷ್ಟಂದವರು ತಡೆದು, ದನಿ ತಗ್ಗಿಸಿದರು. “ನಮ್ಮ ಒಲಿ ನಿಂಗ ನಡೀತದೇನು?”

“ಹಸಿದವನ ಜಾತಿ ಒಲಿ ಕೇಳೂದಿಲ್ಲ ಅಂತಾನ ನಮ್ಮಪ್ಪ” ಎಂದೆ. ಮಾವನ ಕೋಟು ಕಳಚಿದೆ.

ಮಾಳಪ್ಪ ಪಲ್ಲಂಗ, ಜಮಖಾನೆಗಳನ್ನು ಅವರವರ ಮನೆಗೆ ಮುಟ್ಟಿಸಲು ಹೋದ. ಪಡಸಾಲೆ ಒಮ್ಮೆಲೇ ದೊಡ್ಡದಾಯಿತು. ನಾನು ತೊಗರಿಬೇಳೆ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ, ಅಪ್ಪ ಮಾಡುವ ಹಾಗೆಯೇ ಒಗ್ಗರಣೆ ಕೊಟ್ಟೆ. ನನಗೆ ಇಂದಿಗೂ ಹತ್ತು ಮಂದಿಗಿಂತ ಕಡಿಮೆ ಅಳತೆಗೆ ಬೇಳೆ ಹಾಕುವುದು ಬಾರದು, ಅದು ಅಪ್ಪನಿಂದ ಬಂದ ರೋಗ. ಪಾತ್ರೆ ತುಂಬಿತು. ಭಾಗಮ್ಮ ರೊಟ್ಟಿ ಬಡಿಯಲು ಬಂದರು, ನಾನು ಬಿಡಲಿಲ್ಲ. ನನ್ನ ಸೊಟ್ಟ ರೊಟ್ಟಿಗಳನ್ನೇ ಬುಟ್ಟಿಗೆ ಹಾಕಿದೆ. ತಾಟಿಗೆ ಬಡಿಸಿ, ಮೊದಲು ಅವರ ಮುಂದೆ ಇಟ್ಟೆ.

ಅವರು ತಾಟನ್ನು ನೋಡುತ್ತ ಕೂತರು. ರೊಟ್ಟಿ ಮುರಿಯಲಿಲ್ಲ. ಬೇಳೆಯ ಮೇಲಿನ ಹಬೆ ಕಡಿಮೆಯಾಗುತ್ತ ಬಂತು. ಏನು ತಪ್ಪಾಯಿತೋ ಎಂದು ನಾನು ಗಾಬರಿಯಾದೆ.

“ಉಣ್ರಿ ಅತ್ತಿ. ಆರ್ತದ.”

“ತಡಿ ಯಪ್ಪಾ” ಎಂದರು ಭಾಗಮ್ಮ. “ನಾ ಕೂತಲ್ಲಿಗಿ ಯಾರರ ತಾಟ ತಂದು ಇಟ್ಟಿದ್ದು ಹಿಂದ ಯಾವಾಗ ಅಂತ ನೆನಸ್ಲಾಕತ್ತೇನಿ.”

ಸ್ವಲ್ಪ ಹೊತ್ತು ನೆನೆಸಿದರು. ಆಮೇಲೆ, ನೆನಪಿಗೆ ಬರಲಿಲ್ಲವೆಂಬಂತೆ ತಲೆಯಾಡಿಸಿ, ರೊಟ್ಟಿ ಮುರಿದರು.